ಒಗೆದು ಕಳಿಸಿದ ಜೆರ್ಸಿ

ಆಲೂರು
22 ಜೂನ್ 2025

ಆಲ್ವಿಟಾ ಅಕ್ಕ,

...ಅಷ್ಟರಲ್ಲಿ ನಿಮ್ಮನ್ನ ಕೂರಿಸ್ಕೊಂಡು ಆಸ್ಪತ್ರೆಯಿಂದ ಜೀಪು ಹೊಂಟೇ ಹೋಯ್ತಲ್ಲ, ಅರ್ಧಕ್ಕೆ ನಿಂತಿದ್ದನ್ನ ಈಗ ಪೂರ್ತಿ ಹೇಳ್ತೀನಿ. ‘ಮಗು ಈಗ’ ಅಂದೆ, ನಿಮ್ಮತ್ತೆ ಫ್ಲೋರಿನ್ ಆಂಟಿ ಗ್ಲಾಸ್ ಏರಿಸ್ಬುಟ್ರು. ನಾನು ಹೇಳಕ್ಕೆ ಬಂದಿದ್ದು ಇಷ್ಟೇ. ಮಗು ಈಗ ಎತ್ಕೊಂಡು ಎದೆಗೆ ಒರಗಿಸ್ಕೊಂಡ್ರೆ ಕಾಲು ಗಂಟೇಲಿ ಅಳು ನಿಲ್ಲಿಸ್ತೈತೆ. ಮೊದಲು ಎರಡು ಗಂಟೆ ಆದ್ರೂ ನಿಲ್ತಿರ್ಲಿಲ್ಲ.

ನಾನು ಯಾರು ಅಂತ ನೆನಪೈತಲ್ಲ? ಕೃತಿಕಾ. ಮಕ್ಕಳ ವಾರ್ಡಲ್ಲಿ ಟ್ರೈನಿಂಗಿಗೆ ಬಂದಿರೋ ನರ್ಸಿಂಗ್ ಹುಡ್ಗಿ, ಎರಡು ಜಡೆಯವಳು. ನೀವು ಕಾಲೇಜ್ ಟೀಮಲ್ಲಿ ವಾಲಿಬಾಲ್ ಆಡ್ತಿದ್ದಾಗ ನಾನು ಹೈಸ್ಕೂಲು. ಸಕಲೇಶಪುರದ ಫೈನಲ್ ದಿನ ಜಾಗ ಸಿಗ್ದೆ ಕಾಂಪೌಂಡ್ ಗೋಡೆ ಹತ್ತಿ ಕೂತ್ಕೊಂಡು ‘ಆಲ್ವಿಟಾ, ಆಲ್ವಿಟಾ’ ಅಂತ ಗಂಟ್ಲು ಬಿದ್ದೋಗೋ ಹಂಗೆ ಕೂಗಿದ್ದೆ. ಏಳನೇ ನಂಬರು ಜೆರ್ಸಿ. ಇವತ್ತಿಗೂ ನನ್ನ ಫೋನಿನ ಪಾಸ್‌ವರ್ಡಲ್ಲಿ ಏಳು ಐತೆ.

ಮಾತ್ರೆ ಚಟ ಬಿಡಿಸೋ ನಿಮ್ಮ ಕೇಂದ್ರದಲ್ಲಿ ಫೋನು ಇಸ್ಕೊಂಡಿಟ್ಟಿದಾರೆ ಅಂತ ಗೊತ್ತು. ಆದ್ರೂ ನಿನ್ನೆ ಹನ್ನೊಂದು ಮೆಸೇಜ್ ಹಾಕ್ದೆ. ಒಂದೇ ಟಿಕ್ಕು. ಅದಕ್ಕೇ ಕಾಗದ. ನಾನು ಯಾರಿಗೂ ಕಾಗದ ಬರೆದೋಳಲ್ಲ, ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ.

ಮಗೂಗೆ ಇವತ್ತಿಗೆ ಹನ್ನೊಂದು ದಿನ. ಹೊಟ್ಟೇಲಿದ್ದಾಗ ನಿಮ್ಮ ನೋವಿನ ಮಾತ್ರೆ ಅದರ ರಕ್ತಕ್ಕೂ ಹೋಗ್ತಿತ್ತು. ಹುಟ್ಟಿದ ತಕ್ಷಣ ಅದು ನಿಂತೋಯ್ತು. ಅದಕ್ಕೇ ಆ ನಡುಕ, ಆ ಕೀರಲು ಅಳು. ಮೂರ್ನೇ ದಿನ ಫಿಟ್ಸ್ ಬಂದಾಗ ನೀವು ಅತ್ತೆ ಮುಂದೇನೇ ಕಿರುಚ್ಕೊಂಡು ಡಾಕ್ಟ್ರಿಗೆ ಹೇಳಿದ್ರಲ್ಲ, ಅಲ್ಲೀವರ್ಗೂ ಅವ್ರು ಇನ್ಫೆಕ್ಷನ್ ಅಂದ್ಕೊಂಡು ಸೂಜಿ ಚುಚ್ತಾನೇ ಇದ್ರು. ಮೊದಲ್ನೇ ದಿನವೇ ಗೊತ್ತಾಗಿದ್ರೆ ಫಿಟ್ಸ್‌ವರೆಗೂ ಹೋಗ್ತಿರ್ಲಿಲ್ಲ ಅಂತಾರೆ ವಾರ್ಡ್ ಹೆಡ್ಡು ಸುಮಿತ್ರಮ್ಮ. ಇರ್ಲಿ ಬಿಡಿ. ಆಗಿದ್ದು ಆಯ್ತು.

ನೀವು ಬೇಗ ಬನ್ನಿ ಅಕ್ಕ. ಕಾಲಿನ ಪಟ್ಟೀಲಿ ‘ಆಲ್ವಿಟಾ ಮಗು’ ಅಂತ ಮಾತ್ರ ಬರ್ದಿದಾರೆ. ಹೆಸರು ಏನಿಡ್ತೀರ?

ನಿಮ್ಮ ಫ್ಯಾನು,
ಕೃತಿಕಾ

*

ದೋಣಿಗಲ್
29 ಜೂನ್ 2025

ಕೃತಿಕಾ,

ಕಾಗದ ಸಿಕ್ಕಿತು. ಇಲ್ಲಿ ಆದಿತ್ಯವಾರ ಪೂಜೆ ಮುಗಿದ ಮೇಲೆ ಮಾತ್ರ ಕಾಗದ ಕೊಡುವುದು. ವಾರದ ನಡುವೆ ಕೊಟ್ಟರೆ ನಾವೆಲ್ಲ ಅತ್ತು ಗಲಾಟೆ ಮಾಡ್ತೇವಂತೆ. ಆದಿತ್ಯವಾರ ಅತ್ತರೆ ಅಡ್ಡಿಯಿಲ್ಲ.

ಫ್ಯಾನು ಅಂತೆಲ್ಲ ಬರೀಬೇಡ ಮಾರಾಯ್ತಿ. ಆ ಏಳನೇ ನಂಬರಿನವಳ ಮೊಣಕಾಲು ಆವತ್ತೇ ಹೋಯಿತು. ಮಾತ್ರೆ ಶುರುವಾದದ್ದೂ ಆವತ್ತೇ. ಡಾಕ್ಟರು ಬರೆದು ಕೊಟ್ಟದ್ದು ಹತ್ತು ದಿನಕ್ಕೆ, ನಾನು ನುಂಗಿದ್ದು ಮೂರು ವರ್ಷ. ನೈಜಲ್‌ನನ್ನು ಮದುವೆ ಆದ ಮೇಲೂ ಬಿಡಲಿಲ್ಲ. ಅವನು ತೋಟದ ರೈಟರು, ಆಳುಗಳ ಹಾಜರಿ ಬರೆಯುವವನು, ಇಡೀ ಎಸ್ಟೇಟಿನ ಆಳುಗಳ ಮುಖ ನೋಡಿಯೇ ಯಾರು ಕುಡಿದು ಬಂದಿದ್ದಾರೆ ಅಂತ ಹೇಳ್ತಾನೆ. ಹೆಂಡತಿಯ ಮುಖದಲ್ಲಿ ಮಾತ್ರ ಅವನಿಗೆ ಏನೂ ಕಾಣಲಿಲ್ಲ.

ನಾನು ಬರುವುದಿಲ್ಲ. ನನ್ನ ಮೈಯಿಂದ ಅದಕ್ಕೆ ಸಿಕ್ಕಿದ್ದು ಸಾಕು. ಹೆಸರು ಇಟ್ಟರೆ ಬಿಟ್ಟುಬರಲಿಕ್ಕೆ ಆಗುವುದಿಲ್ಲ.

ಆಲ್ವಿಟಾ

ಸೀನು ಇನ್ನೂ ಬರ್ತಾ ಉಂಟಾ? ಸಾಲಾಗಿ ಏಳೆಂಟು ಸೀನ್ತಿತ್ತು. ಸುಮ್ಮನೆ ಕೇಳಿದೆ.

*

ಆಲೂರು
5 ಜುಲೈ 2025

ಅಕ್ಕ,

ಸೀನು ಕಮ್ಮಿ ಆಗೈತೆ! ಈಗ ಮೂರೋ ನಾಲ್ಕೋ. ಆಕಳಿಕೆ ಮಾತ್ರ ಐತೆ, ಬಾಯಿ ಅಷ್ಟಗಲ. ನೀವು ಕೇಳಿದ್ದು ಓದಿ ನಾನು ಬಸ್‌ಸ್ಟ್ಯಾಂಡಲ್ಲೇ ಕುಣಿದ್ಬುಟ್ಟೆ. ಪಕ್ಕದ ಅಜ್ಜಿ ‘ಯಾಕವ್ವ, ಮದ್ವೆ ಗೊತ್ತಾಯ್ತಾ’ ಅಂದ್ರು.

ಇಲ್ಲಿ ಏನೇನು ಮಾಡ್ತೀವಿ ಅಂತ ಹೇಳ್ತೀನಿ, ಕೇಳಿ. ವಾರ್ಡಿನ ಮೂಲೆ, ಕಿಟಕಿಗೆ ಕಪ್ಪು ಬಟ್ಟೆ. ಅಲ್ಲಿ ಯಾರೂ ಜೋರಾಗಿ ಮಾತಾಡಂಗಿಲ್ಲ. ಸುಮಿತ್ರಮ್ಮ ಪ್ರತಿ ಸಲ ಮೂರೇ ಮೂರು ಕೇಳ್ತಾರೆ. ಹಾಲು ಕುಡೀತಾ? ಒಂದು ಗಂಟೆ ನಿದ್ದೆ ಮಾಡ್ತಾ? ಎತ್ಕೊಂಡ್ರೆ ಹತ್ತು ನಿಮಿಷದಲ್ಲಿ ಸುಮ್ನಾಯ್ತಾ? ಮೂರಕ್ಕೂ ಹೂಂ ಅಂದ ದಿನ ಔಷಧಿ ಒಂಚೂರು ಇಳಿಸ್ತಾರೆ. ಸೋಮವಾರ ಇಳಿಸಿದ್ರು, ಬುಧವಾರ ಮತ್ತೆ ಏರಿಸಬೇಕಾಯ್ತು. ಆವತ್ತು ಒಳಲೇಲಿ ಹಾಕಿದ ಹಾಲೆಲ್ಲ ವಾಂತಿ. ಬೇಧಿ ಆಗಿ ಆಗಿ ಕುಂಡಿ ಕೆಂಪಗೆ ಸುಟ್ಟಂಗೆ ಆಗೈತೆ. ಕಾಲು ಉಜ್ಜಿ ಉಜ್ಜಿ ಹಿಮ್ಮಡಿ ಚರ್ಮ ಕಿತ್ತೋಗೈತೆ, ಅದಕ್ಕೆ ನಾನೇ ಪುಟಾಣಿ ಸಾಕ್ಸ್ ಹೊಲ್ದೆ. ಚೆನ್ನಾಗಿಲ್ಲ, ಕಾಫಿ ಸೋಸೋ ಬಟ್ಟೆ ತರ ಕಾಣ್ಸುತ್ತೆ.

ಆಯಾ ಹುಲಿಯಮ್ಮ ನನ್ನ ಆಡ್ಕೊಳ್ತಾಳೆ. ‘ಏನವ್ವಾ ನರ್ಸಮ್ಮ, ಮಗೀಗೆ ಹಾಲು ಕುಡಿಸ್ತಿದ್ದೀಯೋ, ರೀಲು ತೋರಿಸ್ತಿದ್ದೀಯೋ? ಫೋನು ಒಳಗಿಡು, ಇಲ್ದಿದ್ರೆ ಬಚ್ಚಲಿಗೆ ಬಿಸಾಕ್ತೀನಿ.’ ಒಂದು ಸಲ ನನ್ನ ರಿಂಗ್‌ಟೋನಿಗೆ ಮಗು ಬೆಚ್ಚಿಬಿದ್ದು ಮುಕ್ಕಾಲು ಗಂಟೆ ನಡುಗ್ತು ಅಕ್ಕ. ಅವತ್ತಿಂದ ಫೋನು ಗೇಟ್ ಹತ್ರ ಬಿಟ್ಟು ಬರ್ತೀನಿ.

ನೈಜಲ್ ಅಣ್ಣ ಎರಡು ಸಲ ಬಂದಿದ್ರು. ‘ಪೂರ್ತಿ ಸರಿ ಹೋಗ್ತದಾ?’ ಅಂದ್ರು. ಸುಮಿತ್ರಮ್ಮ ‘ಹೋಗ್ತದೆ ಕಣ್ರೀ, ತಗೊಳ್ಳಿ, ಎತ್ಕೊಳ್ಳಿ’ ಅಂತ ಮುಂದಕ್ಕೆ ಚಾಚಿದ್ರು. ಅವ್ರು ಕೈ ಹಿಂದಕ್ಕೆ ಕಟ್ಕೊಂಡ್ರು. ಆಮೇಲೆ ಬಂದಿಲ್ಲ.

ಅವ್ರು ಹೋದ್ಮೇಲೆ ಸುಮಿತ್ರಮ್ಮ ಏನಂದ್ರು ಗೊತ್ತಾ? ‘ಈ ಕಂದಂಗೆ ಔಷಧಿಗಿಂತ ಮಡ್ಲು ಬೇಕು. ತಾಯಿ ಪಕ್ಕದಲ್ಲಿದ್ರೆ ಅರ್ಧ ಡೋಸ್ ಸಾಕಾಗ್ತಿತ್ತು.’ ನಿಮ್ಮ ಮೈಯಿಂದ ಅದಕ್ಕೆ ಕೆಟ್ಟದ್ದು ಸಿಕ್ತು ಅಂತ ಬರ್ದಿದ್ರಲ್ಲ, ಒಳ್ಳೇದು ಸಿಗ್ಬೇಕಾದ್ರೂ ಅದೇ ಮೈಯಿಂದಾನೇ ಅಂತೆ.

ಬರಕ್ಕೆ ಆಗ್ದಿದ್ರೆ ಒಂದು ಬಟ್ಟೆ ಕಳಿಸಿ. ನೀವು ಹಾಕ್ಕೊಂಡಿದ್ದು. ಒಗೀದೇ ಇರೋದು. ವಾಸ್ನೆ ಸಾಕು ಅಂತಾರೆ.

ಕೃತಿಕಾ

*

ದೋಣಿಗಲ್
13 ಜುಲೈ 2025

ಕೃತಿ,

ಬಟ್ಟೆ ಕಳಿಸ್ತಾ ಇದ್ದೇನೆ. ಜೆರ್ಸಿ. ಇಲ್ಲಿಗೆ ಬರುವಾಗ ಹೇಗೋ ಚೀಲದಲ್ಲಿ ಬಂದಿತ್ತು. ನೀನು ಕೇಳುವ ಮೊದಲೇ, ಐದು ದಿನದಿಂದ ಅದನ್ನೇ ಹಾಕಿಕೊಂಡು ಮಲಗ್ತಾ ಇದ್ದೆ. ಎದೆಯ ಹತ್ತಿರ ಹಾಲಿನ ಕಲೆ ಉಂಟು, ಬೆವರಿನ ನಾತವೂ ಉಂಟು. ಕೇಂದ್ರ ನೋಡಿಕೊಳ್ಳುವ ಕಾನ್ವೆಂಟಿನ ಸಿಸ್ಟರ್ ಕೈಯಲ್ಲಿ ಕೊಟ್ಟಿದ್ದೇನೆ, ಅವರೇ ಪಾರ್ಸೆಲ್ ಮಾಡಿ ಕಳಿಸ್ತಾರೆ. ಏಳರ ಮೇಲೆ ಅದರ ಕೆನ್ನೆ ಬರುವ ಹಾಗೆ ಸುತ್ತು.

ನಿನಗೊಂದು ತಮಾಷೆ ಹೇಳ್ತೇನೆ. ನೀನು ಬರೆದದ್ದನ್ನೆಲ್ಲ ಓದಿದೆನಲ್ಲ, ಸೀನು, ಆಕಳಿಕೆ, ನಡುಕ, ಬೇಧಿ. ನನಗೂ ಇಲ್ಲಿ ಮೊದಲ ವಾರ ಅದೇ. ಹಲ್ಲು ಕಟಕಟ ಅಂತ ಹೊಡ್ಕೊಂಡು ಕಂಬಳಿ ಕಚ್ಚಿಕೊಂಡಿದ್ದೆ. ಇಬ್ಬರಿಗೂ ಒಂದೇ ಕಾಯಿಲೆ, ಇಬ್ಬರೂ ಬೇರೆ ಬೇರೆ ಊರಲ್ಲಿ ಒಬ್ಬೊಬ್ಬರೇ ನಡುಗಿದ್ದೇವೆ. ಈಗ ಇಲ್ಲಿಯ ಡಾಕ್ಟರು ನಾಲಗೆ ಕೆಳಗೆ ಇಡುವ ಮಾತ್ರೆ ಕೊಡ್ತಾರೆ. ನಡುಕ ನಿಂತಿದೆ. ಈ ಮಾತ್ರೆ ತಗೊಂಡೇ ಮಗುವಿಗೆ ಹಾಲು ಕೊಡಬಹುದು ಅಂದರು. ಯಾವ ಮಗುವಿಗೆ ಅಂತ ಕೇಳಲಿಲ್ಲ ನಾನು. ದಿನಕ್ಕೆ ಐದು ಸಲ ಹಿಂಡಿ ಬಚ್ಚಲಿಗೆ ಚೆಲ್ತೇನೆ. ಬಿಳಿ ನೀರು ತೂಬಿಗೆ ಇಳಿಯುವುದನ್ನು ನೋಡ್ತಾ ನಿಲ್ತೇನೆ.

ಮೊನ್ನೆ ನೈಜಲ್ ಬಂದಿದ್ದ. ಮಗುವಿನ ಫೈಲಿನಲ್ಲಿ ‘ತಾಯಿ ವಿಷಯ ಮುಚ್ಚಿಟ್ಟಿದ್ದಾಳೆ’ ಅಂತ ಬರೆದಿದ್ದಾರಂತೆ. ಅದನ್ನು ಓದಿಯೇ ಅವನಿಗೆ ಸಾಕಾಯಿತಂತೆ. ‘ಮಾತ್ರೆ ತಿಂದದ್ದನ್ನು ಕ್ಷಮಿಸ್ತೇನೆ, ಮಗು ಒದ್ದಾಡುವಾಗ ಬಾಯಿ ಮುಚ್ಚಿಕೊಂಡು ಮಲಗಿದ್ದೆಯಲ್ಲ’ ಅಂದ.

ನಾನು ಬಾಯಿ ಮುಚ್ಚಿಕೊಂಡಿರಲಿಲ್ಲ. ಎರಡನೇ ದಿನವೇ ಹೇಳಿದ್ದೆ. ಯಾರಿಗೆ ಹೇಳಿದೆ ಅಂತ ನಿನಗೆ ಗೊತ್ತು.

ನೈಜಲ್‌ಗೆ ಹೇಳಲಿಲ್ಲ. ನೀನು ಹೇಳ್ತೀಯೇನೋ ಅಂತ ಕಾಯ್ತಾ ಇದ್ದೇನೆ.

ಆಲ್ವಿಟಾ

*

ಆಲೂರು
19 ಜುಲೈ 2025

ಅಕ್ಕ,

ಪಾರ್ಸೆಲ್ ಬಂತು. ಹುಲಿಯಮ್ಮನೇ ಬಿಚ್ಚಿದ್ಲು. ಜೆರ್ಸಿ ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ, ಮೇಲೊಂದು ಮಾತೆಯ ಚಿತ್ರ ಇಟ್ಟು ಕಳಿಸಿದಾರೆ. ಒಗೆದ್ಬುಟ್ಟಿದಾರೆ ಅಕ್ಕ. ಆಸ್ಪತ್ರೆಗೆ ಕೊಳೆ ಬಟ್ಟೆ ಕಳಿಸ್ಬಾರ್ದು ಅಂತ ಸಿಸ್ಟರ್ ಒಳ್ಳೇ ಮನಸ್ಸಿಂದಾನೇ ಮಾಡಿರ್ತಾರೆ. ಹುಲಿಯಮ್ಮ ಮೂಗಿಗೆ ಹಿಡ್ಕೊಂಡು ‘ಬರೀ ಸೋಪು ಕಣವ್ವ’ ಅಂದು ಕೆಳಗೆ ಕೂತ್ಬುಟ್ಲು. ಅವಳು ಕೂತಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ.

ಆದ್ರೂ ಸುತ್ತಿದ್ವಿ. ಮಗು ಆ ಕಡೆ ಈ ಕಡೆ ಮುಖ ತಿರುಗಿಸ್ತು, ಬಾಯಿ ತೆರೆದು ಬಟ್ಟೇಲಿ ಹುಡುಕ್ತು. ಆಮೇಲೆ ಅಳಕ್ಕೆ ಶುರು ಮಾಡ್ತು.

ಈಗ ಮುಖ್ಯವಾದ್ದು. ಔಷಧಿ ನಿಂತು ಮೂರು ದಿನ ಆಯ್ತು, ಫಿಟ್ಸ್ ಮತ್ತೆ ಬಂದಿಲ್ಲ. ವಾರ್ಡಲ್ಲಿ ಇನ್ನು ಇಟ್ಕೊಳಕ್ಕಾಗಲ್ಲ ಅಂತಾರೆ. ನೈಜಲ್ ಅಣ್ಣ ಬೇಡ ಅಂತ ಬರ್ಕೊಟ್ಟಿದಾರೆ. ಫ್ಲೋರಿನ್ ಆಂಟಿ ‘ಆ ಮಗು ಮುಂದೆ ಹೇಗಾಗ್ತದೋ’ ಅಂದ್ರಂತೆ. ತಾಯಿ ಬರ್ದಿದ್ರೆ 25ನೇ ತಾರೀಕು ಶುಕ್ರವಾರ ಮಗೂನ ಮಕ್ಕಳ ಕಲ್ಯಾಣ ಸಮಿತಿಯೋರು ಹಾಸನದ ಶಿಶುಗೃಹಕ್ಕೆ ಕರ್ಕೊಂಡು ಹೋಗ್ತಾರೆ. ನೀವು ಅಷ್ಟರೊಳಗೆ ನಿಮ್ಮ ಡಾಕ್ಟ್ರ ಹತ್ರ ಒಂದು ಚೀಟಿ ಬರೆಸ್ಕೊಂಡು ಬಂದ್ರೆ, ವಾರ್ಡಲ್ಲೇ ನಿಮ್ಮ ಜೊತೆ ಹತ್ತು ದಿನ ಇರಿಸ್ತೀನಿ ಅಂದಿದಾರೆ ಸುಮಿತ್ರಮ್ಮ. ಶುಕ್ರವಾರ, ಅಕ್ಕ. ದೋಣಿಗಲ್ಲಿಂದ ಬೆಳಗ್ಗೆ ಯಾವ ಬಸ್ಸು ಹತ್ತಿದ್ರೂ ಆಗ್ತೈತೆ.

ನೀವು ಕೊನೇಲಿ ಬರ್ದಿದ್ದ ವಿಷಯ ಆಮೇಲೆ ಮಾತಾಡಣ. ಈಗ ಬನ್ನಿ, ಅಷ್ಟೇ.

ಕೃತಿಕಾ

*

ಆಲೂರು
26 ಜುಲೈ 2025

ಅಕ್ಕ,

ನೀವು ಬರ್ಲಿಲ್ಲ.

ನಿನ್ನೆ ಸಂಜೆ ನಾಲ್ಕರವರೆಗೂ ಗೇಟಲ್ಲಿ ನಿಂತಿದ್ದೆ. ಸಕಲೇಶಪುರದ ಕಡೆಯಿಂದ ಬಂದ ಒಂದೊಂದು ಬಸ್ಸಿಗೂ ಓಡಿದೆ. ಕಾಗದ ಭಾನುವಾರ ಮಾತ್ರ ಕೊಡ್ತಾರೆ ಅಂತ ನೀವೇ ಬರ್ದಿದ್ರಿ, ನಾನೇ ಓದಿದ್ದೆ. ಆದ್ರೂ ಶನಿವಾರ ಬರ್ದು ಡಬ್ಬಕ್ಕೆ ಹಾಕ್ದೆ. ಮೆಸೇಜ್ ತರ ತಕ್ಷಣ ತಲುಪ್ತೈತೆ ಅನ್ನೋ ಹಂಗೆ. ಕೇಂದ್ರಕ್ಕೆ ಒಂದು ಫೋನ್ ಮಾಡ್ಬೋದಿತ್ತು. ನಾನೇ ಬಸ್ಸು ಹತ್ತಿ ಬರ್ಬೋದಿತ್ತು. ಬಂದ್ರೆ ನಿಮ್ಮ ಮುಖ ನೋಡ್ಬೇಕಾಗ್ತಿತ್ತು. ಅದಕ್ಕೇ ಬರ್ಲಿಲ್ಲ, ಇನ್ನೇನೂ ಕಾರಣ ಇಲ್ಲ.

ಮಗೂನ ಒಬ್ಬರು ಮೇಡಂ ಎತ್ಕೊಂಡ್ರು. ಒಳ್ಳೆಯವರಂಗೆ ಕಂಡ್ರು. ಜೆರ್ಸಿ ಸಮೇತ ಕಳಿಸ್ದೆ. ‘ಬಿಗಿಯಾಗಿ ಸುತ್ತಬೇಕು, ಜೋಗುಳಕ್ಕಿಂತ ಬೆನ್ನ ಮೇಲೆ ಮೆಲ್ಲಗೆ ತಟ್ಟಿದ್ರೆ ಇಷ್ಟ, ಫೋನು ರಿಂಗ್ ಆಗ್ಬಾರ್ದು’ ಅಂತ ಹೇಳ್ತಾನೇ ಇದ್ದೆ, ಕಾರು ಹೊಂಟೋಯ್ತು. ಹುಲಿಯಮ್ಮ ತೊಟ್ಟಿಲಿನ ಬಟ್ಟೆ ಕಿತ್ತು ಬಕೆಟ್ಟಿಗೆ ಹಾಕಿದ್ಲು.

ಈಗ ಹೇಳ್ತೀನಿ.

ನರ್ಸಿಂಗ್ ಸೇರಕ್ಕೆ ಮುಂಚೆ ಎಂಟು ತಿಂಗಳು ನಾನು ಸಕಲೇಶಪುರದಲ್ಲಿ ಮೋಹನ್ ಅಣ್ಣನ ಮೆಡಿಕಲ್‌ನಲ್ಲಿ ಕೆಲ್ಸಕ್ಕಿದ್ದೆ. ನೀವು ಹಳೇ ಚೀಟಿ ಹಿಡ್ಕೊಂಡು ಬರ್ತಿದ್ರಿ, ಮಡಚಿ ಮಡಚಿ ಅಕ್ಷರಾನೇ ಅಳಿಸಿಹೋಗಿತ್ತು. ಮೋಹನ್ ಅಣ್ಣ ಇದ್ದಾಗ ‘ಹೊಸ ಚೀಟಿ ತಗೊಂಬಾಮ್ಮ’ ಅಂತ ವಾಪಸ್ ಕಳಿಸ್ತಿದ್ರು. ಅವ್ರು ಊಟಕ್ಕೆ ಹೋದಾಗ ನೀವು ಬಂದ್ರೆ ನಾನು ಕೊಡ್ತಿದ್ದೆ. ಒಂದು ಸ್ಟ್ರಿಪ್ ಕೇಳಿದ್ರೆ ಎರಡು. ನನಗೆ ಅದು ಮಾತ್ರೆ ಅಲ್ಲ ಅಕ್ಕ, ಆಲ್ವಿಟಾಗೆ ಏನೋ ಕೊಡೋ ಚಾನ್ಸು. ನೀವು ‘ಥ್ಯಾಂಕ್ಸ್ ಕೃತಿ’ ಅಂದ ದಿನ ಗೆಳತಿಯರ ಗ್ರೂಪಲ್ಲಿ ‘ಅವ್ರಿಗೆ ನನ್ನ ಹೆಸರು ಗೊತ್ತು’ ಅಂತ ಹಾಕಿದ್ದೆ. ಮೂವತ್ತು ಹಾರ್ಟು ಬಿದ್ದಿತ್ತು.

ಹೆರಿಗೆ ಆದ ಎರಡ್ನೇ ದಿನ. ಫ್ಲೋರಿನ್ ಆಂಟಿ ಬಿಸಿನೀರಿಗೆ ಅಂತ ಫ್ಲಾಸ್ಕ್ ತಗೊಂಡು ಹೊರಗೆ ಹೋದ್ರು. ನೀವು ನನ್ನ ಕೈ ಹಿಡ್ಕೊಂಡು ಹೇಳಿದ್ರಿ. ‘ಆ ಮಾತ್ರೆ ನಾನು ಬಿಟ್ಟಿಲ್ಲ, ದಿನಕ್ಕೆ ಎಂಟು. ಅತ್ತೆ ಎದುರು ಹೇಳ್ಲಿಕ್ಕೆ ಆಗೂದಿಲ್ಲ, ನೀನು ಡಾಕ್ಟರಿಗೆ ಹೇಳು, ಅದಕ್ಕೇ ಮಗು ಹೀಗೆ ಅಳುವುದಾ ಕೇಳು.’ ನಾನು ‘ಈಗ್ಲೇ ಹೇಳ್ತೀನಿ ಅಕ್ಕ’ ಅಂದೆ.

ಡಾಕ್ಟ್ರ ರೂಮಿನ ಬಾಗ್ಲವರೆಗೂ ಹೋದೆ. ಯಾವ ಅಂಗಡಿ, ಯಾರು ಕೊಟ್ಟಿದ್ದು ಅಂತ ಕೇಳ್ತಾರೆ ಅನ್ನಿಸ್ತು. ನಮ್ಮಪ್ಪ ಶಾಂತಮಲ್ಲಪ್ಪ ಊರಿನ ತುಂಬ ‘ನನ್ನ ಮಗಳು ನರ್ಸು’ ಅಂತ ಹೇಳ್ಕೊಂಡು ಓಡಾಡ್ತಿದಾರೆ. ಸೀಟು ಹೋಗ್ತೈತೆ ಅನ್ನಿಸ್ತು. ಸುಮಿತ್ರಮ್ಮಂಗೆ ಮೆಸೇಜ್ ಟೈಪ್ ಮಾಡ್ದೆ, ಅಳಿಸ್ದೆ. ಮತ್ತೆ ಟೈಪ್ ಮಾಡ್ದೆ, ಅಳಿಸ್ದೆ. ನಾಲ್ಕು ಸಲ. ವಾಪಸ್ ಬಂದಾಗ ನೀವು ಕಣ್ಣಲ್ಲೇ ಕೇಳಿದ್ರಿ. ನಾನು ತಲೆ ಆಡಿಸ್ದೆ, ಹೇಳ್ದೆ ಅನ್ನೋ ಹಂಗೆ. ನೀವು ನಂಬಿ ಮಲಗಿದ್ರಿ.

ಮಾರ್ನೇ ದಿನ ಮಗೂಗೆ ಫಿಟ್ಸ್ ಬಂತು. ನೀವು ಕಿರುಚಿ ಹೇಳಿದ್ರಿ. ನಾನು ಗೋಡೆಗೆ ಒರಗಿ ನಿಂತಿದ್ದೆ. ‘ಮುಚ್ಚಿಟ್ಟಿದ್ದಾಳೆ’ ಅಂತ ಬರೆಯೋವಾಗ್ಲೂ ನಾನು ಅಲ್ಲೇ ಇದ್ದೆ, ಬರೆಯೋರಿಗೆ ಪೆನ್ನು ಕೊಟ್ಟಿದ್ದೇ ನಾನು.

ಬಯ್ಯಿರಿ ಅಕ್ಕ. ಕಾಗದ ಹರಿದು ಬಿಸಾಕಿ. ನನಗೆ ನಿನ್ನೆಯಿಂದ ಆ ಅಳು ಕೇಳ್ತಾನೇ ಐತೆ, ವಾರ್ಡಲ್ಲಿ ತೊಟ್ಟಿಲು ಖಾಲಿ ಇದ್ರೂ.

ಕೃತಿಕಾ

*

ದೋಣಿಗಲ್
3 ಆಗಸ್ಟ್ 2025

ಕೃತಿಕಾ,

ನಿನ್ನ 19ರ ಕಾಗದ ನನ್ನ ಕೈಗೆ ಬಂದದ್ದು 27ಕ್ಕೆ, ಪೂಜೆ ಮುಗಿದ ಮೇಲೆ. ‘ಶುಕ್ರವಾರ, ಅಕ್ಕ’ ಅನ್ನುವ ಸಾಲನ್ನು ಆದಿತ್ಯವಾರ ಓದಿದೆ. ಓದಿ ಗೇಟಿನವರೆಗೆ ಓಡಿದೆ, ಆ ಮೊಣಕಾಲಲ್ಲೇ. ಸಿಸ್ಟರ್ ಹಿಂದೆಯೇ ಓಡಿಬಂದು ಹಿಡಿದುಕೊಂಡರು. ಕಾಗದ ತೋರಿಸಿದೆ. ಅವರು ಓದಿ, ಬಿಸಿಲಲ್ಲೇ ಮೆಟ್ಟಲ ಮೇಲೆ ಕೂತು ಅತ್ತರು. ಜೆರ್ಸಿಯ ವಿಷಯ ಹೇಳಿದಾಗ ಇನ್ನೂ ಅತ್ತರು. ಎರಡು ಸಲ ಒಗೆದಿದ್ದರಂತೆ, ಕಲೆ ಹೋಗಲಿಲ್ಲ ಅಂತ. ಈಗ ಕಾಗದವನ್ನು ಬಂದ ದಿನವೇ ಕೊಡ್ತಾರಂತೆ. ಎಲ್ಲರಿಗೂ. ನನಗೆ ಇನ್ನು ಅದರಿಂದ ಏನಾಗಬೇಕು?

ನಿನ್ನ 26ರ ಕಾಗದ ಬುಧವಾರವೇ ಕೊಟ್ಟರು. ನಾಲ್ಕು ದಿನ ಉತ್ತರ ಬರೀಲಿಕ್ಕೆ ಆಗಲಿಲ್ಲ. ಬಯ್ಯಿ ಅಂತ ಬರೆದಿದ್ದೀಯ. ಬೈದರೆ ನಿನಗೆ ಹಗುರ ಆಗ್ತದೆ. ನಾನು ಬೈಯುವುದಿಲ್ಲ.

ಮಾತ್ರೆ ಕೊಟ್ಟದ್ದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ನೀನು ಅಂಗಡಿ ಬಿಟ್ಟ ಮೇಲೆ ನಾನು ಬೇರೆ ಮೂರು ಕಡೆ ಹುಡುಕಿಕೊಂಡೆ, ಅಲ್ಲಿ ಯಾರೂ ನನ್ನ ಫ್ಯಾನು ಇರಲಿಲ್ಲ. ಅದು ನನ್ನದು. ಆದರೆ ತಲೆ ಆಡಿಸಿದೆಯಲ್ಲ ಆವತ್ತು, ಹೇಳಿದ್ದೇನೆ ಅಂತ, ಅದು ನಿನ್ನದು. ನಾನು ಆ ರಾತ್ರಿ ಎಷ್ಟೋ ತಿಂಗಳ ನಂತರ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದ್ದೆ. ಮಗುವಿಗೆ ಇನ್ನು ಸರಿಯಾದ ಔಷಧಿ ಸಿಗ್ತದೆ ಅಂತ.

ಮಂಗಳವಾರ ಸಿಸ್ಟರ್ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋಗಿದ್ದರು. ಶಿಶುಗೃಹದಲ್ಲಿ ಮಗುವನ್ನು ಗಾಜಿನ ಆಚೆಯಿಂದ ನೋಡಿದೆ. ಹಿಮ್ಮಡಿ ವಾಸಿಯಾಗ್ತಾ ಉಂಟು. ಬೇರೊಬ್ಬಳ ಹೆಗಲ ಮೇಲೆ ಮಲಗಿತ್ತು. ಹೆಸರು ಕೇಳಿದರು, ಪುಸ್ತಕದಲ್ಲಿ ಬರೀಲಿಕ್ಕೆ. ಎಲೈನ್ ಅಂದೆ. ಬಾಯಿಂದ ಬಂದೇಬಿಟ್ಟಿತು. ಇನ್ನು ಬಿಟ್ಟುಬರಲಿಕ್ಕೆ ಆಗುವುದಿಲ್ಲ.

ಮಗುವನ್ನು ಕೊಡಿ ಅಂತ ಬರೆದುಕೊಟ್ಟಿದ್ದೇನೆ. ನಮ್ಮ ಡಾಕ್ಟರು ನನ್ನ ಪರವಾಗಿ ಬರೆದಿದ್ದಾರೆ. ಸಮಿತಿಯವರು ಎಲ್ಲ ಓದಿ ಒಂದೇ ಸಾಲಿನ ಮೇಲೆ ಬೆರಳಿಟ್ಟರು. ‘ನೀನು ಕಾಯಿಲೆಯವಳು, ಅದು ಅರ್ಥ ಆಗ್ತದೆ. ಮಗು ಒದ್ದಾಡುವಾಗ ಮುಚ್ಚಿಟ್ಟದ್ದು ಯಾಕೆ?’ ನಾನು ಹೇಳಿದ್ದೆ ಅಂದೆ. ಯಾರಿಗೆ ಅಂತ ಕೇಳಿದರು. ನಿನ್ನ ಹೆಸರು ಹೇಳಲಿಲ್ಲ. ನಾನು ಹೇಳಿದರೆ ಮಾತ್ರೆ ತಿನ್ನುವವಳ ಮಾತು, ಯಾರು ನಂಬ್ತಾರೆ? ಅದು ನಿನ್ನ ಬಾಯಿಂದಲೇ ಬರಬೇಕು. ನಿನ್ನ ಈ ಕಾಗದವನ್ನು ಅವರಿಗೆ ತೋರಿಸಬಹುದು ಅಂತ ಸಿಸ್ಟರ್ ಹೇಳ್ತಾರೆ. ನಾನು ತೋರಿಸುವುದಿಲ್ಲ. ಇದರ ಜೊತೆಗೇ ಮಡಚಿ ಇಟ್ಟಿದ್ದೇನೆ, ತೆಗೆದುಕೋ. ಹರಿಯುವುದಾದರೆ ನೀನೇ ಹರಿ.

ಹಾಲು ಇನ್ನೂ ಹಿಂಡ್ತಾ ಇದ್ದೇನೆ. ಕಮ್ಮಿ ಆಗಿದೆ, ಒಂದು ಚಮಚ, ಕೆಲವು ದಿನ ಅದೂ ಇಲ್ಲ. ನಿಲ್ಲಲಿಕ್ಕೆ ಬಿಡುವುದಿಲ್ಲ.

ಎಲೈನ್‌ಳ ತಾಯಿ,
ಆಲ್ವಿಟಾ

ಆಗಸ್ಟ್ 18, ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆಗೆ ಹಾಸನದಲ್ಲಿ ಮತ್ತೆ ಕೂರ್ತಾರೆ. ಐದು ಜನ. ನೈಜಲ್ ಬರ್ತಾನೆ, ಅತ್ತೆ ಬರ್ತಾರೆ, ನಿಮ್ಮ ಸುಮಿತ್ರಮ್ಮನನ್ನೂ ಕರೆದಿದ್ದಾರೆ. ಗೋಡೆ ಹತ್ತಿ ಕೂತು ನನ್ನ ಹೆಸರನ್ನು ಗಂಟಲು ಬಿದ್ದುಹೋಗುವ ಹಾಗೆ ಕೂಗಿದ್ದೆ ಅಂದೆಯಲ್ಲ. ಅವರೆಲ್ಲರ ಎದುರು ಅಷ್ಟೇ ಜೋರಾಗಿ ನಿನ್ನ ಹೆಸರು ಹೇಳ್ತೀಯಾ?